ಸಂಜೆಯೊಳಗೆ ಒಬ್ಬ ದುಃಖಿ ಬೇಕು

ಸಂಜೆ ಏಳು ಗಂಟೆಯೊಳಗೆ ವಾಷಿಂಗ್ ಮೆಷಿನ್ ಮೆಕ್ಯಾನಿಕ್‌ಗೆ ಒಬ್ಬ ದುಃಖಿ ಬೇಕಾಗಿದ್ದ. ಗಂಡಸಾದರೂ ಸರಿ, ಹೆಂಗಸಾದರೂ ಸರಿ. ಆದರೆ ದುಃಖ ಅಪ್ಪಟವಾಗಿರಬೇಕು. ಕೊನೆಯಲ್ಲಿ ಆ ದುಃಖಿ ನಗಬೇಕು, ನಕ್ಕ ಮೇಲೆ ಒಂದು ಹಾಳೆಗೆ ಸಹಿ ಹಾಕಬೇಕು.

ಇದಕ್ಕೆಲ್ಲ ಮೂಲ ಇಂಗ್ಲಿಷ್ ಕ್ಲಾಸು. ಹತ್ತೊಂಬತ್ತು ವರ್ಷ ಊರವರ ಮೆಷಿನ್ನುಗಳನ್ನು ಎತ್ತಿ, ಇಳಿಸಿ, ಅವುಗಳ ಹಿಂದೆ ಮುಂದೆ ನುಸುಳಿ, ಮೆಕ್ಯಾನಿಕ್‌ನ ಸೊಂಟ ಸವೆದ ಬೇರಿಂಗಿನ ಹಾಗೆ ಕಟಕಟ ಎನ್ನತೊಡಗಿತ್ತು. ಅಷ್ಟರಲ್ಲಿ ಸರ್ವಿಸ್ ಸೆಂಟರಿನಲ್ಲಿ ಒಂದು ಹೊಸ ಕೆಲಸ ಹುಟ್ಟಿತು. ಫ್ಯಾನಿನ ಕೆಳಗೆ ಕುರ್ಚಿ, ಮುಂದೆ ಫೋನು. ಗಿರಾಕಿಗಳ ದೂರು ಕೇಳಿ ಬರೆದುಕೊಂಡರೆ ಆಯಿತು, ಭಾರ ಎತ್ತುವ ಮಾತೇ ಇಲ್ಲ. ಮ್ಯಾನೇಜರು ಹಾಕಿದ್ದು ಒಂದೇ ಷರತ್ತು: ಇಂಗ್ಲಿಷ್ ಕ್ಲಾಸಿನ ಸರ್ಟಿಫಿಕೇಟು.

ಆ ಕುರ್ಚಿಯ ಮೇಲೆ ಕಣ್ಣಿಟ್ಟವರು ಇಬ್ಬರು. ಒಬ್ಬ ನಮ್ಮ ಮೆಕ್ಯಾನಿಕ್. ಇನ್ನೊಬ್ಬ ಅದೇ ಸೆಂಟರಿನಲ್ಲಿ ಫ್ರಿಜ್ಜುಗಳನ್ನು ರಿಪೇರಿ ಮಾಡುವವನು. ಅವನನ್ನು ಎಲ್ಲರೂ ಫ್ರಿಜ್ ಎಂದೇ ಕರೆಯುತ್ತಿದ್ದರು. ಅದು ಕೆಲಸದಿಂದ ಬಂದ ಹೆಸರೋ ಮುಖದಿಂದ ಬಂದ ಹೆಸರೋ ಯಾರಿಗೂ ಗೊತ್ತಿರಲಿಲ್ಲ. ಅವನು ನಕ್ಕದ್ದನ್ನು ಕಂಡವರು ಸೆಂಟರಿನಲ್ಲಿ ಇರಲಿಲ್ಲ. ಇಬ್ಬರೂ ಪಾಸಾದರೆ ಸರ್ವಿಸ್ಸಿನಲ್ಲಿ ಹಿರಿಯನಾದ ಮೆಕ್ಯಾನಿಕ್‌ಗೇ ಕುರ್ಚಿ ಎಂದು ಮ್ಯಾನೇಜರು ಮಾತು ಕೊಟ್ಟಿದ್ದರು. ಹಾಗಾಗಿ ಮೆಕ್ಯಾನಿಕ್ ಮಾಡಬೇಕಾದ ಕೆಲಸ ಒಂದೇ: ಪಾಸಾಗುವುದು.

ಕ್ಲಾಸು ನಡೆಯುತ್ತಿದ್ದುದು ಒಂದು ಫೋಟೋ ಸ್ಟುಡಿಯೋದ ಮೇಲಿನ ಕೋಣೆಯಲ್ಲಿ. ಹತ್ತು ವಾರದ ಪಾಠ, ಇವರಿಬ್ಬರೂ ಸೇರಿ ಹನ್ನೆರಡು ಜನ ವಿದ್ಯಾರ್ಥಿಗಳು. ಇಂಗ್ಲಿಷಿನಲ್ಲಿ ಕ್ರಿಯಾಪದದ ಬಾಲಕ್ಕೆ ಒಂದು ಪುಟ್ಟ ಪದ ಕಟ್ಟಿದರೆ ಅರ್ಥವೇ ಬೇರೆ ದಿಕ್ಕಿಗೆ ಓಡುತ್ತದೆ ಎಂದು ಮೇಡಂ ಮೊದಲ ದಿನವೇ ಎಚ್ಚರಿಸಿದ್ದರು. ಕೊನೆಯ ವಾರಕ್ಕೆ ಬಂದದ್ದು 'ಚಿಯರ್ ಅಪ್'.

"ಬೇಜಾರಲ್ಲಿ ಇರೋರಿಗೆ ಹೇಳೋ ಮಾತು ಇದು," ಎಂದಿದ್ದರು ಮೇಡಂ. "ಗೆಲುವಾಗು, ಮುಖ ಸಣ್ಣ ಮಾಡ್ಕೋಬೇಡ ಅಂತ ಅರ್ಥ. ನೀವು ಒಬ್ಬರನ್ನ ಗೆಲುವು ಮಾಡಿದ್ರೆ 'ಚಿಯರ್ ಹಿಮ್ ಅಪ್'. 'ಚಿಯರ್ ಅಪ್ ಹಿಮ್' ಅಂತ ಯಾರಾದ್ರೂ ಬರೆದ್ರೆ ನಾನು ಪೇಪರ್ ಮುಂದೆ ಓದೋದೇ ಇಲ್ಲ."

ಎರಡು ಪದಗಳ ನಡುವೆ ಈ 'ಹಿಮ್' ಯಾಕೆ ಸಿಕ್ಕಿಕೊಳ್ಳಬೇಕು, ಡ್ರಮ್ಮಿನ ಸಂದಿಗೆ ಸಿಕ್ಕ ಕಾಲುಚೀಲದ ಹಾಗೆ, ಎಂದು ಮೆಕ್ಯಾನಿಕ್‌ಗೆ ಅರ್ಥವಾಗಲಿಲ್ಲ. ಆದರೂ ಬರೆದುಕೊಂಡ.

ಆಮೇಲೆ ಬಂತು ಪರೀಕ್ಷೆ. ಬಾಯಿಪಾಠ ಬೇಡ, ಬದುಕಿನಲ್ಲಿ ಬಳಸಿ ತೋರಿಸಿ ಎಂದರು ಮೇಡಂ. ಒಬ್ಬೊಬ್ಬರಿಗೂ ಒಂದು ಹಾಳೆ. ನಿಜವಾಗಿ ದುಃಖದಲ್ಲಿರುವ ಒಬ್ಬರಿಗೆ ಆ ಮಾತು ಹೇಳಬೇಕು, ಅವರು ನಗಬೇಕು, ದುಃಖದ ಕಾರಣ, ಸಮಯ, ಸಹಿ, ಫೋನ್ ನಂಬರು ಎಲ್ಲ ತುಂಬಿ ನಾಳೆ ಸಂಜೆ ಏಳಕ್ಕೆ ತರಬೇಕು. ಒಬ್ಬ ದುಃಖಿ ಒಬ್ಬರಿಗೆ ಮಾತ್ರ.

"ಮನೆಯವರು ನಡೆಯೋದಿಲ್ಲ," ಎಂದೂ ಸೇರಿಸಿದರು. "ಅವರ ದುಃಖಕ್ಕೆ ಸಾಮಾನ್ಯವಾಗಿ ನೀವೇ ಕಾರಣ ಆಗಿರ್ತೀರಿ. ಸುಳ್ಳು ಸಹಿಯೂ ಬೇಡ, ನಾನು ಫೋನ್ ಮಾಡಿ ವಿಚಾರಿಸ್ತೀನಿ. ಹೋದ ಬ್ಯಾಚಲ್ಲಿ ಒಬ್ಬರು ಎಂಟು ವರ್ಷದ ಹಿಂದೆ ತೀರಿಹೋದ ಮಾವನ ಸಹಿ ತಂದಿದ್ರು."

ಮರುದಿನ ಬೆಳಿಗ್ಗೆ ಮೆಕ್ಯಾನಿಕ್ ಕನ್ನಡಿ ಎದುರು ನಿಂತು ಗಡ್ಡ ಹೆರೆಯುತ್ತ ಆ ಮಾತನ್ನೇ ಉರು ಹೊಡೆಯುತ್ತಿದ್ದ. "ಚಿಯರ್ ಅಪ್. ಚಿಯರ್... ಅಪ್."

ಹೆಂಡತಿ ಬಾಗಿಲಲ್ಲಿ ಬಂದು ನಿಂತಳು. "ಬೆಳಗಾಗ್ತಿದ್ದ ಹಾಗೇ ಚಿಯರ್ಸಾ? ಎಲ್ಲಿಟ್ಟಿದ್ದೀರಿ ಬಾಟ್ಲಿ?"

"ಬಾಟ್ಲಿ ಅಲ್ಲ ಮಾರಾಯ್ತಿ, ಪಾಠ. ದುಃಖದಲ್ಲಿ ಇರೋರಿಗೆ ಹೇಳೋದು. ನಿನಗೆ ಗೊತ್ತಿರೋರಲ್ಲಿ ಯಾರಾದ್ರೂ ದುಃಖದಲ್ಲಿ ಇದ್ದಾರಾ?"

"ಇದ್ದಾಳೆ, ಒಬ್ಬಳು. ಊರಿನ ಮೆಷಿನ್ ಎಲ್ಲ ರಿಪೇರಿ ಮಾಡೋನ್ನ ಕಟ್ಟಿಕೊಂಡು, ಎರಡು ವರ್ಷದಿಂದ ಬಚ್ಚಲಲ್ಲಿ ಕೈಯಲ್ಲೇ ಬಟ್ಟೆ ಒಗೀತಿದ್ದಾಳೆ."

"ಮನೆಯವರು ನಡೆಯಲ್ಲವಂತೆ," ಎಂದು ಮೆಕ್ಯಾನಿಕ್ ಉಪಕರಣಗಳ ಚೀಲ ಹೆಗಲಿಗೇರಿಸಿ ಬೇಗ ಬೇಗ ಮೆಟ್ಟಿಲಿಳಿದ.

ಸೆಂಟರಿನ ವ್ಯಾನು ಓಡಿಸುವವನಿಗೆ ರೇಡಿಯೋ ಎಂದು ಹೆಸರು. ಅವನ ಕಿವಿಗೆ ಬಿದ್ದ ಮಾತು ಅರ್ಧ ಗಂಟೆಯೊಳಗೆ ಎಲ್ಲ ಸ್ಟೇಷನ್ನಿನಲ್ಲೂ ಬಿತ್ತರವಾಗುತ್ತಿತ್ತು. ಅದು ಗೊತ್ತಿದ್ದೂ ಮೆಕ್ಯಾನಿಕ್ ಬಾಯಿ ಬಿಟ್ಟ.

"ಅಷ್ಟೇ ತಾನೇ ಅಣ್ಣಾ," ಎಂದ ರೇಡಿಯೋ, ಗೇರು ಬದಲಿಸುತ್ತ. "ದುಃಖಕ್ಕೇನು ಬರಗಾಲವಾ? ಪ್ರಪಂಚ ತುಂಬ ಅದೇ ಇರೋದು. ನಾನು ನಾಲ್ಕು ಜನಕ್ಕೆ ಹೇಳಿ ನೋಡ್ತೀನಿ."

"ಬೇಡ ಬೇಡ, ಯಾರಿಗೂ ಹೇಳಬೇಡ."

"ಸರಿ ಅಣ್ಣಾ, ಹೇಳಲ್ಲ," ಎನ್ನುತ್ತಲೇ ಅವನು ಫೋನು ತೆಗೆದಿದ್ದ.

ಮೊದಲ ಮನೆಯಲ್ಲಿ ಬಾಗಿಲು ತೆರೆದ ಹೆಂಗಸಿನ ಹಿಂದೆ ನೊರೆ ಕಾಣಿಸಿತು. ಅಡುಗೆಮನೆಯಿಂದ ಹೊರಟು ಹಜಾರ ದಾಟಿ ಸೋಫಾದ ಕಾಲು ಮುಳುಗಿಸಿ, ಮೋಡ ಮನೆಗೆ ನೆಂಟನಾಗಿ ಬಂದ ಹಾಗೆ ಕುಳಿತಿತ್ತು. ಮೆಷಿನ್ನು ಜಾಗ ಬಿಟ್ಟು ಎರಡು ಮಾರು ನಡೆದುಕೊಂಡು ಬಂದಿತ್ತು. ಆ ತಾಯಿಯ ಕಣ್ಣು ಕೆಂಪಾಗಿತ್ತು, ತುಟಿ ನಡುಗುತ್ತಿತ್ತು. ಮೆಕ್ಯಾನಿಕ್‌ನ ಎದೆ ಹಿಗ್ಗಿತು. ಮೊದಲ ಮನೆಯಲ್ಲೇ ಸಿಕ್ಕಿಬಿಟ್ಟಿತಲ್ಲ ಎಂದುಕೊಂಡು, ಕತ್ತು ಒಂದಿಷ್ಟು ವಾಲಿಸಿ, ದನಿಯಲ್ಲಿ ಜೇನು ತುಂಬಿ ಹೇಳಿದ: "ಚಿಯರ್ ಅಪ್, ಮೇಡಂ."

"ಏನಂದ್ರಿ?"

"ಚಿಯರ್ ಅಪ್."

ದುಃಖಕ್ಕೂ ಕೋಪಕ್ಕೂ ಮೊದಲ ನೋಟಕ್ಕೆ ಮುಖ ಒಂದೇ ಎಂಬುದು ಅವನಿಗೆ ಆಗ ತಿಳಿಯಿತು.

"ನನಗೂ ಇಂಗ್ಲಿಷ್ ಬರುತ್ತೆ ರೀ," ಎಂದಳು ಆ ತಾಯಿ. "ಮನೆ ಕೆರೆಯಾಗಿದೆ, ಐದು ದಿನದಿಂದ ಫೋನ್ ಮಾಡ್ತಿದ್ದೀನಿ. ಗೆಲುವಾಗಿರು ಅಂತ ಬುದ್ಧಿ ಹೇಳೋಕೆ ಕರೆಸಿದ್ನಾ ನಿಮ್ಮನ್ನ? ನಿಮ್ಮ ಮ್ಯಾನೇಜರ್ ನಂಬರ್ ಕೊಡಿ."

ನಂಬರು ಕೊಟ್ಟ. ಪೈಪು ಬದಲಿಸಿದ. ನೊರೆಯನ್ನೂ ಅವನೇ ಬಾಚಿ ಹೊರಗೆ ಹಾಕಿದ.

ಎರಡನೆಯ ಮನೆಯಲ್ಲಿ ಒಬ್ಬ ವೃದ್ಧರು ಕಿಟಕಿಯ ಬಳಿ ಒಬ್ಬರೇ ಕುಳಿತಿದ್ದರು. ಗಲ್ಲಕ್ಕೆ ಕೈ, ದೂರಕ್ಕೆ ನೋಟ. ಸುತ್ತ ನಾಲ್ಕು ಭಾರೀ ಮರದ ಕುರ್ಚಿಗಳು. ಈ ಸಲ ಅವಸರಪಡಬಾರದೆಂದು ಮೆಕ್ಯಾನಿಕ್ ಮೊದಲು ಮೆಷಿನ್ನಿನ ಬೆಲ್ಟು ಹಾಕಿ ಮುಗಿಸಿ, ಕೈ ಒರೆಸಿಕೊಂಡು, ಹತ್ತಿರ ಹೋಗಿ ಮೆಲ್ಲನೆ ಹೇಳಿದ: "ಸಾರ್, ಚಿಯರ್ ಅಪ್."

ವೃದ್ಧರು ಕಿವಿಗೆ ಕೈ ಹಿಡಿದರು. "ಆಂ?"

"ಚಿಯರ್ ಅಪ್, ಸಾರ್."

"ಚೇರ್ ಅಪ್ಪಾ?" ವೃದ್ಧರ ಮುಖ ಅರಳಿತು. "ಮಗಳು ಹೇಳಿ ಕಳಿಸಿದ್ಳಾ? ಈ ಚೇರು ಅಟ್ಟಕ್ಕೆ ಹಾಕಿಸ್ತೀನಿ ಅಂತ ಆರು ತಿಂಗಳಿಂದ ಹೇಳ್ತಾನೇ ಇದ್ಳು. ಇವತ್ತು ನೆನಪು ಮಾಡ್ಕೊಂಡ್ಳಲ್ಲ. ಏಣಿ ಬಾಗಿಲ ಹಿಂದೆ ಇದೆ ನೋಡಪ್ಪ."

"ಹಾಗಲ್ಲ ಸಾರ್, ನಾನು ಹೇಳಿದ್ದು..."

"ನಾಲ್ಕೂ ಹೋಗುತ್ತೆ, ಜಾಗ ಇದೆ. ಕಾಲು ಒಳಗೆ ಮಾಡಿ ತಳ್ಳು."

ನಾಲ್ಕನೆಯ ಕುರ್ಚಿ ಮೇಲೇರುವಾಗ ಸೊಂಟದಿಂದ ಒಂದು ಸದ್ದು ಬಂತು. ಏಣಿಯದೇ ಇರಬೇಕು ಎಂದು ಮೆಕ್ಯಾನಿಕ್ ತನಗೆ ತಾನೇ ಸಮಾಧಾನ ಹೇಳಿಕೊಂಡ. ವೃದ್ಧರು ಬೊಚ್ಚು ಬಾಯಿ ತುಂಬ ನಕ್ಕು ಸಹಿ ಹಾಕಲು ಪೆನ್ನು ಹಿಡಿದರು. ಆದರೆ 'ದುಃಖದ ಕಾರಣ' ಎಂಬ ಜಾಗದಲ್ಲಿ ಬರೆಯಲು ಅವರ ಹತ್ತಿರ ಏನೂ ಇರಲಿಲ್ಲ.

"ದುಃಖ ಯಾಕಪ್ಪ? ಕಿಟಕಿಯಿಂದ ಎದುರು ಮನೆ ಜಗಳ ನೋಡ್ತಾ ಇದ್ದೆ. ಕಿವಿ ಕೇಳದಿದ್ರೆ ಜಗಳ ಇನ್ನೂ ಚೆನ್ನಾಗಿರುತ್ತೆ."

ಹೊರಗೆ ಬಂದಾಗ ರೇಡಿಯೋ ವ್ಯಾನಿನ ಬಾಗಿಲು ತೆರೆದು ಹಿಡಿದು ನಿಂತಿದ್ದ. "ಅಣ್ಣಾ, ಪಕ್ಕಾ ಮಾಹಿತಿ. ಮುಂದಿನ ರಸ್ತೆಯಲ್ಲಿ ಒಬ್ಬರು ಟೀಚರಮ್ಮ. ಆರು ವರ್ಷ ಸಾಕಿದ ಬಂಗಾರದ ಮೀನು ನಿನ್ನೆ ಹೋಯ್ತಂತೆ. ಬೆಳಗಿನವರೆಗೂ ಅತ್ತಿದ್ದಾರಂತೆ."

ಮೆಕ್ಯಾನಿಕ್‌ಗೆ ಖುಷಿಯಾಯಿತು. ಖುಷಿಯಾದದ್ದಕ್ಕೆ ನಾಚಿಕೆಯೂ ಆಯಿತು. ಒಂದು ಕೈ ಸೊಂಟದ ಮೇಲಿಟ್ಟುಕೊಂಡು ಮೂರು ಮಹಡಿ ಹತ್ತಿದ. ಮೇಜಿನ ಮೇಲೆ ಖಾಲಿ ಗಾಜಿನ ತೊಟ್ಟಿ, ಪಕ್ಕದಲ್ಲಿ ಅರ್ಧ ಉಳಿದ ಮೀನಿನ ಆಹಾರದ ಡಬ್ಬಿ. ಆದರೆ ಟೀಚರಮ್ಮ ಟವೆಲ್ಲಿನಲ್ಲಿ ಕೂದಲು ಒರೆಸಿಕೊಳ್ಳುತ್ತ, ಏನೋ ಹಾಡು ಗುನುಗುತ್ತ ಬಂದರು.

"ಚಿಯರ್ ಅಪ್ಪಾ?" ಎಂದು ಅವರೇ ಕೇಳಿದರು. "ತಡ ಮಾಡಿದ್ರಿ. ಬೆಳಿಗ್ಗೆಯಿಂದ ನೀವು ಮೂರನೆಯವರು. ಏಳು ಗಂಟೆಗೇ ಕೆಳಗಿನ ಮನೆ ದರ್ಜಿ ಬಂದ್ರು. ಪಾಪ, ಮೀನಿನ ಗುಣಗಾನ ಎಲ್ಲ ಕೂತು ಕೇಳಿದ್ರು, ನನಗೂ ಹಗುರ ಆಯ್ತು, ನಕ್ಕು ಸೈನ್ ಹಾಕಿಬಿಟ್ಟೆ. ಆಮೇಲೆ ಒಬ್ಬರು ಬಸ್ ಕಂಡಕ್ಟರ್. ಅವರು ಬರಿಗೈಲಿ ಹೋದ್ರು."

"ಒಂಚೂರೂ ಉಳಿದಿಲ್ವಾ ಮೇಡಂ?"

ಟೀಚರಮ್ಮ ಕಣ್ಣು ಮುಚ್ಚಿ ಪ್ರಾಮಾಣಿಕವಾಗಿ ಯತ್ನಿಸಿದರು. "ಇಲ್ಲ ರೀ. ನಾಳೆ ಹೊಸ ಮೀನು ತರೋಣ ಅಂತಿದ್ದೀನಿ."

ಆಗ ಮೆಕ್ಯಾನಿಕ್‌ಗೆ ಪರಿಸ್ಥಿತಿಯ ಆಳ ಅರ್ಥವಾಯಿತು. ದುಃಖ ಹುಡುಕುತ್ತಿರುವವನು ಅವನೊಬ್ಬನೇ ಅಲ್ಲ. ಹನ್ನೆರಡು ಜನ ಬಲೆ ಹಿಡಿದು ಬೆಳಗಿನಿಂದ ಊರು ಜಾಲಾಡುತ್ತಿದ್ದಾರೆ. ಕ್ಲಾಸಿನ ನರ್ಸಮ್ಮನಿಗೆ ಆಸ್ಪತ್ರೆಯ ವಾರ್ಡೇ ಇದೆ, ಒಬ್ಬರಲ್ಲದಿದ್ದರೆ ಇನ್ನೊಬ್ಬರು. ವಕೀಲರ ಗುಮಾಸ್ತನಿಗೆ ಕೋರ್ಟಿನ ವರಾಂಡವಿದೆ. ವಾಷಿಂಗ್ ಮೆಷಿನ್ ಕೆಟ್ಟ ಮನೆಯಲ್ಲಿ ಸಿಗುವುದು ಬರೀ ಬೈಗುಳ.

ಮಧ್ಯಾಹ್ನ ಊಟಕ್ಕೆ ಸೆಂಟರಿಗೆ ಬಂದರೆ ಅಲ್ಲಿ ರೇಡಿಯೋದ ಪ್ರಸಾರ ಮುಗಿದಿತ್ತು. ಬಾಗಿಲಲ್ಲೇ ಸ್ಟೋರ್ ಕೀಪರು ಕೈ ಹಿಡಿದುಕೊಂಡರು. "ದುಃಖ ಕೇಳ್ತೀಯಂತಲ್ಲ. ಕೂತ್ಕೋ."

ಅವರ ದುಃಖ ಅವರ ಭಾವಮೈದುನ. ಆ ಭಾವಮೈದುನ ಹುಟ್ಟಿದ ವರ್ಷದಿಂದ ಶುರುವಾಯಿತು. ಮೆಕ್ಯಾನಿಕ್ ಡಬ್ಬಿ ಬಿಚ್ಚಿದ, ಊಟ ಮಾಡಿದ, ಕೈ ತೊಳೆದ. ಭಾವಮೈದುನನಿಗೆ ಇನ್ನೂ ಮದುವೆಯಾಗಿರಲಿಲ್ಲ. ಮುಕ್ಕಾಲು ಗಂಟೆಯ ಮೇಲೆ ಸ್ಟೋರ್ ಕೀಪರು ನೀರು ಕುಡಿಯಲು ನಿಲ್ಲಿಸಿದ್ದೇ ತಡ, ಅವನು ಸಂದು ಸಿಕ್ಕಿತೆಂದು "ಚಿಯರ್ ಅಪ್, ಸಾರ್" ಎಂದು ಹಾಳೆ ಮುಂದಿಟ್ಟ.

"ಈಗಲೇ ನಗೋದಾ?" ಎಂದರು ಸ್ಟೋರ್ ಕೀಪರು, ಮನಸ್ಸಿಗೆ ನೋವಾದವರಂತೆ. "ಇದು ಪೀಠಿಕೆ ಕಣಯ್ಯ. ಮೂವತ್ತು ವರ್ಷ ಜೋಪಾನ ಮಾಡಿದ ದುಃಖ, ನಿನ್ನ ಒಂದು ಇಂಗ್ಲಿಷ್ ಪದಕ್ಕೆ ಬಿಟ್ಟುಕೊಡ್ಲಾ? ನಾಳೆ ಬಾ, ಮುಂದಿನದು ಹೇಳ್ತೀನಿ."

ಮೂಲೆಯ ಬೆಂಚಿನ ಮೇಲೆ ಫ್ರಿಜ್ ಒಬ್ಬನೇ ಕುಳಿತು ತಣ್ಣಗಿನ ಊಟ ತಿನ್ನುತ್ತಿದ್ದ. ಆ ಮುಖ ನೋಡಿ ಮೆಕ್ಯಾನಿಕ್‌ಗೆ ಒಂದು ಆಸೆ ಮೂಡಿತು. ಹತ್ತಿರ ಹೋಗಿ ಕುಳಿತ.

"ಏನೋ, ಮುಖ ಬಾಡಿದೆ. ಏನಾದ್ರೂ ದುಃಖವಾ?"

"ಇಲ್ಲ," ಎಂದ ಫ್ರಿಜ್. ಆಮೇಲೆ ಅವನೇ ಕೇಳಿದ: "ನಿನಗೆ?"

"ಇಲ್ಲ."

ಇಬ್ಬರೂ ನಿಟ್ಟುಸಿರು ಬಿಟ್ಟರು.

"ನಿನ್ನ ಹಾಳೆ?" ಎಂದು ಮೆಕ್ಯಾನಿಕ್ ಮೆಲ್ಲಗೆ ಕೇಳಿದ.

"ಖಾಲಿ. ಒಂದು ಮನೇಲಿ ಫ್ರಿಜ್ ಕೆಟ್ಟು ಹಾಲು, ಬೆಣ್ಣೆ ಎಲ್ಲ ಹಾಳಾಗಿತ್ತು. ಆ ಮನೆಯಮ್ಮ ಅಳ್ತಾ ಇದ್ರು. ನಾನು ಚಿಯರ್ ಅಪ್ ಅಂದೆ. ನನ್ನ ಮುಖ ನೋಡಿ ಇನ್ನೂ ಜೋರಾಗಿ ಅತ್ರು."

ಅಷ್ಟರಲ್ಲಿ ಮ್ಯಾನೇಜರಿಂದ ಕರೆ ಬಂತು. ನೊರೆಯ ಮನೆಯ ದೂರು ತಲುಪಿತ್ತು. ಜೊತೆಗೆ ರೇಡಿಯೋದ ಸುದ್ದಿಯೂ ತಲುಪಿತ್ತು, ಆದರೆ ಅದು ನಾಲ್ಕು ಬಾಯಿ ದಾಟಿ ಬರುವಷ್ಟರಲ್ಲಿ ಬೇರೆಯೇ ಆಕಾರ ತಾಳಿತ್ತು.

"ನಿಮಗೆ ಏನೋ ದೊಡ್ಡ ದುಃಖ ಇದೆಯಂತೆ," ಎಂದರು ಮ್ಯಾನೇಜರು, ಕನ್ನಡಕ ತೆಗೆದಿಟ್ಟು. "ಗಿರಾಕಿಗಳ ಮನೇಲಿ ಹೇಳ್ಕೊಂಡು ಓಡಾಡ್ತಿದ್ದೀರಂತೆ. ಮೂವರಿಂದ ಕೇಳಿದೆ."

"ನನಗಲ್ಲ ಸಾರ್. ನಾನು ದುಃಖ ಇರೋರನ್ನ ಹುಡುಕ್ತಿದ್ದೀನಿ."

"ಯಾಕೆ?"

"ನಗಿಸೋಕೆ."

ಮ್ಯಾನೇಜರು ಕನ್ನಡಕ ಮತ್ತೆ ಹಾಕಿಕೊಂಡರು. "ನೋಡಿ, ನಾಳೆ ಬೆಳಿಗ್ಗೆ ಹತ್ತಕ್ಕೆ ಸರ್ಟಿಫಿಕೇಟ್ ನನ್ನ ಮೇಜಿನ ಮೇಲೆ ಇರಬೇಕು. ಇದ್ರೆ ಕುರ್ಚಿ. ಇಲ್ಲದಿದ್ರೆ ಏರ್‌ಪೋರ್ಟ್ ರಸ್ತೆ ಹಾಸ್ಟೆಲ್‌ನಲ್ಲಿ ಹದಿನಾಲ್ಕು ಮೆಷಿನ್ ಇಳಿಸೋದಿದೆ. ಲಿಫ್ಟ್ ಇಲ್ಲ."

ಮಧ್ಯಾಹ್ನದ ಮೇಲಿನ ಮೂರು ಮನೆಗಳಲ್ಲೂ ಜನ ಅನ್ಯಾಯವಾಗಿ ಸುಖವಾಗಿದ್ದರು. ಒಂದು ಮನೆಯಲ್ಲಿ ಮಗುವಿಗೆ ಮೊದಲ ಹಲ್ಲು ಬಂದಿತ್ತು. ಇನ್ನೊಂದರಲ್ಲಿ ಅತ್ತೆ ಸೊಸೆ ಒಟ್ಟಿಗೆ ಕುಳಿತು ಆಲ್ಬಮ್ ನೋಡುತ್ತ ನಗುತ್ತಿದ್ದರು. ಇಂಥ ದಿನವೇ ಇದು ನಡೆಯಬೇಕೇ ಎಂದು ಮೆಕ್ಯಾನಿಕ್ ಹಲ್ಲು ಕಚ್ಚಿದ. ಮೂರನೆಯ ಮನೆಯಾತ ಆ ದಿನ ಬೆಳಿಗ್ಗೆಯೇ ಕೆಲಸ ಕಳೆದುಕೊಂಡಿದ್ದ. ಹಾಳೆ ತೆಗೆಯುವಷ್ಟರಲ್ಲಿ ಅವನೇ ಹೇಳಿದ: "ಎಷ್ಟು ನಿರಾಳ ಅಂತೀರಿ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಮಧ್ಯಾಹ್ನ ನಿದ್ದೆ ಮಾಡಿ ಎದ್ದೆ."

ಆರೂ ಮುಕ್ಕಾಲಿಗೆ ರೇಡಿಯೋ ಅವನನ್ನು ಸ್ಟುಡಿಯೋದ ಮುಂದೆ ಇಳಿಸಿದ. ಇಳಿಸಿದ ಎನ್ನುವುದಕ್ಕಿಂತ ಹೊರಗೆಳೆದ ಎನ್ನಬೇಕು. ಸೊಂಟ ಅಷ್ಟರಲ್ಲಿ ಸಂಪೂರ್ಣ ಮುಷ್ಕರ ಹೂಡಿತ್ತು. ಮಹಡಿಗೆ ಹದಿನೆಂಟು ಮೆಟ್ಟಿಲು. ಒಂಬತ್ತನೆಯದಕ್ಕೆ ಬರುವಷ್ಟರಲ್ಲಿ ಬೆನ್ನಿನೊಳಗೆ ಯಾರೋ ಸ್ಕ್ರೂ ತಿರುಗಿಸಿದಂತಾಗಿ ಅಲ್ಲೇ ಕುಳಿತುಬಿಟ್ಟ.

ಕುಳಿತವನಿಗೆ ಒಂದೊಂದಾಗಿ ನೆನಪಾಯಿತು. ಹದಿನಾಲ್ಕು ಮೆಷಿನ್ನು, ಲಿಫ್ಟ್ ಇಲ್ಲ. ಫ್ಯಾನಿನ ಕೆಳಗಿನ ಕುರ್ಚಿ, ಅದರ ಮೆತ್ತನೆಯ ಒರಗು. ಬೆಳಗಿನಿಂದ ಊರವರೆಲ್ಲರ ದುಃಖ ವಿಚಾರಿಸಿದ್ದೇನೆ. ನೀನು ಹೇಗಿದ್ದೀಯ ಎಂದು ಒಂದು ನರಪಿಳ್ಳೆಯೂ ಕೇಳಲಿಲ್ಲ. ಖಾಲಿ ಹಾಳೆ ಮಡಿಲಲ್ಲಿಟ್ಟುಕೊಂಡು ಗೋಡೆಗೆ ಒರಗಿದ. ಹತ್ತಿ ಹೋಗುತ್ತಿದ್ದ ದರ್ಜಿ, ನರ್ಸಮ್ಮ, ಕಂಡಕ್ಟರು ಎಲ್ಲರ ಕೈಯಲ್ಲೂ ತುಂಬಿದ ಹಾಳೆ. ಯಾರಿಗೂ ಇವನ ಕಡೆ ನೋಡುವ ವ್ಯವಧಾನವಿರಲಿಲ್ಲ.

ಏಳಕ್ಕೆ ಐದು ನಿಮಿಷವಿರುವಾಗ ಯಾರೋ ಪಕ್ಕದಲ್ಲಿ ಬಂದು ಕುಳಿತರು. ಫ್ರಿಜ್.

ಅವನು ಮೆಕ್ಯಾನಿಕ್‌ನ ಹೆಗಲ ಮೇಲೆ ಕೈಯಿಟ್ಟ. "ಸೊಂಟವಾ?" ಎಂದು ಕೇಳಿದ.

ಮೆಕ್ಯಾನಿಕ್ ತಲೆಯಾಡಿಸಿದ.

"ಎಷ್ಟು ವರ್ಷದಿಂದ ನೋಡ್ತಿದ್ದೀನಿ ನಿನ್ನ. ಒಬ್ಬರಿಗೂ ಇಲ್ಲ ಅಂದೋನಲ್ಲ. ಇವತ್ತಲ್ಲ ನಾಳೆ ಎಲ್ಲ ಸರಿಹೋಗುತ್ತೆ." ಅವನ ದನಿ ಎಂದೂ ಅಷ್ಟು ಬೆಚ್ಚಗಿರಲಿಲ್ಲ. ಒಂದು ಉಸಿರು ನಿಲ್ಲಿಸಿ, ಮಗುವಿಗೆ ಹೇಳುವ ಹಾಗೆ ಹೇಳಿದ: "ಚಿಯರ್ ಅಪ್."

ಮೆಕ್ಯಾನಿಕ್‌ನ ಕಣ್ಣು ತುಂಬಿತು. ದಿನವಿಡೀ ತಾನು ಬಾಗಿಲಿಂದ ಬಾಗಿಲಿಗೆ ಹೊತ್ತು ತಿರುಗಿದ ಮಾತು. ಅದು ಕಿವಿಗೆ ಬಿದ್ದರೆ ಹೀಗಿರುತ್ತದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ. ಎದೆಯ ಮೇಲಿನ ಭಾರ ಯಾರೋ ಎತ್ತಿಟ್ಟಂತಾಯಿತು. ಬೇಡವೆಂದರೂ ತುಟಿ ಅರಳಿ, ಹಲ್ಲು ಕಾಣುವಂತೆ ನಕ್ಕುಬಿಟ್ಟ.

ಫ್ರಿಜ್ ಜೇಬಿನಿಂದ ಮಡಿಸಿದ ಹಾಳೆ ತೆಗೆದ. ಪೆನ್ನಿನ ಮುಚ್ಚಳ ತೆಗೆದು ಕೊಟ್ಟ. "ಇಲ್ಲೊಂದು ಸೈನು."

ಮೆಕ್ಯಾನಿಕ್ ಹಾಳೆ ನೋಡಿದ. ದುಃಖವಿತ್ತೇ? ಇತ್ತು. ನಕ್ಕನೇ? ನಕ್ಕ. ಮನೆಯವನೇ? ಅಲ್ಲ. ಸುಳ್ಳು ಹೇಳಲು ಆ ಹಾಳೆಯಲ್ಲಿ ಜಾಗವೇ ಇರಲಿಲ್ಲ. ಕಾರಣದ ಜಾಗದಲ್ಲಿ 'ದುಃಖಿ ಸಿಗಲಿಲ್ಲ' ಎಂದು ತಾನೇ ಬರೆದು, ಸಹಿ ಹಾಕಿ, ಫೋನ್ ನಂಬರೂ ತುಂಬಿದ. ಬರೆಯುತ್ತಿರುವಾಗಲೇ ತಲೆಯಲ್ಲಿ ಮಿಂಚು ಹೊಳೆಯಿತು.

"ತಾಳು. ನಿನಗೂ ಹಾಳೆ ಖಾಲಿ ಅಂತ ಬೇಜಾರಿತ್ತಲ್ಲ?"

"ಇತ್ತು," ಎಂದ ಫ್ರಿಜ್, ಹಾಳೆ ತೆಗೆದುಕೊಂಡು ಎದ್ದು. "ಈಗಿಲ್ಲ." ಅವನು ನಕ್ಕ. ಅಷ್ಟು ವರ್ಷದಲ್ಲಿ ಮೊದಲ ಸಲ ನಕ್ಕ, ಮತ್ತು ಒಳ್ಳೆಯ ನಗು. ನಗುತ್ತಲೇ ಮೆಕ್ಯಾನಿಕ್‌ನ ತೋಳಿಗೆ ತೋಳು ಕೊಟ್ಟು ಉಳಿದ ಒಂಬತ್ತು ಮೆಟ್ಟಿಲು ಹತ್ತಿಸಿದ.

ಕ್ಲಾಸಿನಲ್ಲಿ ಮೇಡಂ ಒಂದೊಂದೇ ಹಾಳೆ ಓದಿ ಟಿಕ್ ಹಾಕಿದರು. ಕಂಡಕ್ಟರಿಗೆ ಕೊನೇ ಸ್ಟಾಪಿನಲ್ಲಿ ಕೊಡೆ ಕಳೆದುಕೊಂಡ ಅಜ್ಜಿ ಸಿಕ್ಕಿದ್ದಳು. ಹನ್ನೊಂದು ಹಾಳೆ ಆಯಿತು. ಮೇಡಂ ತಲೆಯೆತ್ತಿದರು.

ಮೆಕ್ಯಾನಿಕ್ ಸೊಂಟ ಹಿಡಿದು ಎದ್ದು ನಿಂತ. "ಮೇಡಂ, ಹಾಳೆ ಖಾಲಿ. ಆದ್ರೆ ಒಂದು ಮಾತು. ಇವನು ಬೇಜಾರಲ್ಲಿ ಬಂದ. ನಾನು ಸೈನ್ ಹಾಕಿದೆ. ಇವನು ನಕ್ಕ. ಅಂದ್ರೆ ಐ... ಚಿಯರ್... ಹಿಮ್... ಅಪ್. ಅಲ್ವಾ?"

'ಹಿಮ್' ಸರಿಯಾದ ಜಾಗದಲ್ಲೇ ಬಿದ್ದಿತ್ತು. ಮೇಡಂ ಬೆರಗಾದರು. "ಅರ್ಥದಲ್ಲಿ ನೀವು ಹೇಳಿದ್ದು ನೂರಕ್ಕೆ ನೂರು ಸರಿ," ಎಂದರು. "ಆದ್ರೆ ಬಾಯಿಬಿಟ್ಟು ಅವರಿಗೆ 'ಚಿಯರ್ ಅಪ್' ಅಂದ್ರಾ?"

"ಇಲ್ಲ ಮೇಡಂ. ಅನ್ನೋ ಹೊತ್ತಿಗೆ ಅವನು ನಕ್ಕಾಗಿತ್ತು."

"ಹಾಗಾದ್ರೆ ಅರ್ಥ ಆಯ್ತು, ಬಳಕೆ ಆಗಲಿಲ್ಲ. ಈ ಪರೀಕ್ಷೆ ಇದ್ದದ್ದು ಬಳಕೆಗೆ." ಅವರು ಪೆನ್ನು ಮುಚ್ಚಿದರು. "ಮುಂದಿನ ಬ್ಯಾಚು ಮೂರು ತಿಂಗಳಿಗೆ ಶುರುವಾಗುತ್ತೆ."

ಮೆಕ್ಯಾನಿಕ್ ಖಾಲಿ ಹಾಳೆ ಮಡಿಸಿಕೊಂಡು ಕುಳಿತ. ಅವನ ಮುಖ ಕಂಡು ಹನ್ನೊಂದು ಜನರಿಗೂ ಒಮ್ಮೆಲೇ ಪಾಪ ಎನಿಸಿತು. ದರ್ಜಿ ಅವನ ಕಡೆ ತಿರುಗಿದ. ನರ್ಸಮ್ಮ ತಿರುಗಿದಳು. ಮುಂದಿನ ಸಾಲಿನ ಫ್ರಿಜ್ಜೂ ಕುರ್ಚಿ ತಿರುಗಿಸಿ ಕುಳಿತ. ಯಾರೂ ಹೇಳಿಕೊಡದೆ, ಯಾವ ಹಾಳೆಯೂ ಇಲ್ಲದೆ, ಹನ್ನೊಂದು ಬಾಯಿಗಳಿಂದ ಒಟ್ಟಿಗೇ ಆ ಎರಡು ಪದ ಹೊರಟವು.

ಅಷ್ಟು ಶುದ್ಧವಾದ ಉಚ್ಚಾರಣೆ ತಾನು ಯಾವ ಬ್ಯಾಚಿನಲ್ಲೂ ಕೇಳಿರಲಿಲ್ಲ ಎಂದು ಮೇಡಂ ಎಲ್ಲರಿಗೂ ಎರಡೆರಡು ಅಂಕ ಜಾಸ್ತಿ ಕೊಟ್ಟರು. ಎಲ್ಲರಿಗೂ ಎಂದರೆ, ಹೇಳಿದವರಿಗೆ.